ಅಲ್ಬುಮಿನ್ ಪೊಟರೆಯಲ್ಲಿ ಬೆಳಗುವ ಅಣುಗಳು

ಪ್ರಶ್ನೆ: ನೀರಿನಲ್ಲಿ ಮಂಕಾಗಿರುವ ಕೆಲವು ಅಣುಗಳು ರಕ್ತದ ಪ್ರೋಟೀನಿನೊಂದಿಗೆ ಸೇರಿದಾಗ ಹೊಳೆಯುತ್ತವಂತೆ. ಯಾಕೆ? ಇದರಿಂದ ಏನು ಉಪಯೋಗ?

ಉತ್ತರ: ಈ ಹೊಳಪಿನ ಹಿಂದಿರುವುದು ಹೆಚ್ಚಾಗಿ ಅಲ್ಬುಮಿನ್. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನು ಇದೇ. 100 ಮಿಲಿಲೀಟರಿಗೆ ಸುಮಾರು 3.5ರಿಂದ 5 ಗ್ರಾಂ. 585 ಅಮೈನೋ ಆಮ್ಲಗಳ ಇದರ ಸರಪಳಿ ಮಡಚಿಕೊಂಡಾಗ, ನೀರನ್ನು ದೂರವಿಡುವ ಪೊಟರೆಗಳು ಒಳಗೆ ಮೂಡುತ್ತವೆ. ಕೊಬ್ಬಿನಾಮ್ಲ, ಬಿಲಿರುಬಿನ್, ಎಷ್ಟೋ ಔಷಧಗಳು ಇಲ್ಲಿ ಕುಳಿತೇ ದೇಹ ಸುತ್ತುತ್ತವೆ.

ಎಎನ್‌ಎಸ್ ಎಂಬ ಬಣ್ಣದ ಅಣುವನ್ನೇ ನೋಡಿ. ಅದು ಹೀರಿದ ಬೆಳಕಿನ ಶಕ್ತಿ ನೀರಿನಲ್ಲಿ ಬಹುಪಾಲು ಶಾಖವಾಗಿ ಸೋರಿಹೋಗುತ್ತದೆ. ಪೊಟರೆ ಹೊಕ್ಕರೆ ನೀರಿನ ಕಾಟ ತಪ್ಪುತ್ತದೆ, ಅಲುಗಾಟವೂ ಕಡಿಮೆಯಾಗುತ್ತದೆ; ಶಕ್ತಿ ಬೆಳಕಾಗಿ ಹೊರಬರುತ್ತದೆ. ಗ್ರೆಗೋರಿಯೊ ವೆಬರ್ ಮತ್ತು ಲಾರೆನ್ಸ್ ಇದನ್ನು 1954ರಲ್ಲೇ ವರದಿ ಮಾಡಿದ್ದರು. ನಮ್ಮ ಅರಿಶಿನದ ಕರ್ಕ್ಯುಮಿನ್ ಕೂಡ ಹೀಗೆಯೇ: ನೀರಿನಲ್ಲಿ ಮಂಕು, ಅಲ್ಬುಮಿನ್ ಜೊತೆ ಪ್ರಖರ.

ಉಲ್ಟಾ ಆಟವೂ ಉಂಟು.

ಮನುಷ್ಯರ ಅಲ್ಬುಮಿನ್‌ನಲ್ಲಿರುವ ಟ್ರಿಪ್ಟೊಫ್ಯಾನ್ ಒಂದೇ ಒಂದು, 214ನೇ ಸ್ಥಾನದಲ್ಲಿ. ನೇರಳಾತೀತ ಕಿರಣ ಬಿದ್ದರೆ ಅದು ತಾನೇ ಬೆಳಗುತ್ತದೆ. ಅನೇಕ ಔಷಧಗಳು ಹತ್ತಿರ ಬಂದು ಕುಳಿತರೆ ಆ ಬೆಳಕು ಕುಂದುತ್ತದೆ. ಎಷ್ಟು ಕುಂದಿತೆಂದು ಅಳೆದು ಔಷಧ ಎಷ್ಟು ಬಿಗಿಯಾಗಿ ಅಂಟುತ್ತದೆಂದು ಲೆಕ್ಕ ಹಾಕಬಹುದು.

ಪ್ರೋಟೀನಿಗೆ ಅಂಟಿ ಹೊಳೆಯುವ ಬಣ್ಣ ಆಸ್ಪತ್ರೆಯಲ್ಲೂ ನೆರವಿಗೆ ಬಂದಿದೆ. ಇಂಡೊಸಯನೀನ್ ಗ್ರೀನ್ ಎಂಬ ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಪ್ಲಾಸ್ಮಾ ಪ್ರೋಟೀನುಗಳಿಗೆ ಅಂಟಿಕೊಂಡು ರಕ್ತನಾಳದೊಳಗೇ ಉಳಿಯುತ್ತದೆ. ಅದರ ಅವಕೆಂಪು ಹೊಳಪನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ವೈದ್ಯರು ಕಣ್ಣಿನ ಹಿಂಭಾಗದ ರಕ್ತನಾಳಗಳನ್ನು ಪರೀಕ್ಷಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಯಕೃತ್ತು ಆ ಬಣ್ಣವನ್ನು ಹೀರಿ ಪಿತ್ತರಸಕ್ಕೆ ಸಾಗಿಸತೊಡಗುತ್ತದೆ.