ಉಲ್ಲೇಖದ ಲೆಕ್ಕ, ಚೇಳೂರಿನ ಹಲಸು

ಪ್ರತಿವರ್ಷ ಸೆಪ್ಟೆಂಬರ್ ಆಸುಪಾಸಿನಲ್ಲಿ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಬರುತ್ತದೆ. ಇಂಥ ಕಾಲೇಜಿನ ಇಂಥ ಪ್ರಾಧ್ಯಾಪಕರು ಸ್ಟ್ಯಾನ್‌ಫೋರ್ಡ್‌ನ ‘ವಿಶ್ವದ ಅಗ್ರ ಶೇ 2 ವಿಜ್ಞಾನಿಗಳ’ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ, ಆಡಳಿತ ಮಂಡಳಿ ಅವರನ್ನು ಅಭಿನಂದಿಸಿದೆ. ಪಕ್ಕದಲ್ಲೊಂದು ಚಿಕ್ಕ ಫೋಟೊ. ಅಭಿನಂದನೆಗೆ ಅರ್ಹರೇ ಅವರು, ಅನುಮಾನವಿಲ್ಲ. ಆದರೆ ಅವರು ಕಂಡುಹಿಡಿದದ್ದೇನು ಎಂಬ ಒಂದು ಸಾಲು ಆ ಸುದ್ದಿಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಸಿಗದಿರುವುದಕ್ಕೆ ಕಾರಣ ಪಟ್ಟಿ ತಯಾರಾಗುವ ಬಗೆಯಲ್ಲೇ ಇದೆ. ಸ್ಟ್ಯಾನ್‌ಫೋರ್ಡ್‌ನ ಜಾನ್ ಇಯೊನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಎಂಬ ದತ್ತಸಂಚಯದಿಂದ ಪ್ರಬಂಧಗಳ ಉಲ್ಲೇಖಗಳನ್ನು ಎಣಿಸಿ, ಆರು ಅಳತೆಗಳನ್ನು ಕೂಡಿಸಿ ಒಂದು ಅಂಕ ತೆಗೆಯುತ್ತಾರೆ. ಪ್ರಬಂಧವನ್ನು ಯಾರೂ ಓದುವುದಿಲ್ಲ, ಎಣಿಕೆಗೆ ಓದು ಬೇಕಾಗಿಯೂ ಇಲ್ಲ. ಒಬ್ಬ ಸಂಶೋಧಕನ ಪ್ರಬಂಧವನ್ನು ಉಳಿದವರು ಎಷ್ಟು ಸಲ ಹೆಸರಿಸಿದ್ದಾರೆ ಎಂಬುದಷ್ಟೇ ಅಲ್ಲಿ ಮುಖ್ಯ.

ಈ ಎಣಿಕೆ ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ತುಮಕೂರಿನಿಂದ ಅರ್ಧ ಗಂಟೆ ದಾರಿಯ ಗುಬ್ಬಿಯಲ್ಲೇ ಒಳ್ಳೆಯ ಉದಾಹರಣೆ ಇದೆ.

ಗುಬ್ಬಿ ಎಂದೊಡನೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಅದೇ ಊರಿನ ಹೆಸರಿನಲ್ಲಿ ‘ಗುಬ್ಬಿ ಲ್ಯಾಬ್ಸ್’ ಎಂಬ ಖಾಸಗಿ ಸಂಶೋಧನಾ ಬಳಗವೂ ಇದೆ. ಅದನ್ನು ಕಟ್ಟಿದವರಲ್ಲಿ ಎಚ್.ಎಸ್. ಸುಧೀರ ಒಬ್ಬರು. 2004ರಲ್ಲಿ ಅವರು ಟಿ.ವಿ. ರಾಮಚಂದ್ರ ಮತ್ತು ಕೆ.ಎಸ್. ಜಗದೀಶ್ ಅವರ ಜೊತೆ ನಗರಗಳ ಹರಡುವಿಕೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಜಗದೀಶ್ ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಣ್ಣಿನ ಇಟ್ಟಿಗೆಯ ಮನೆಗಳಿಗಾಗಿ ದುಡಿದವರು. ರಾಮಚಂದ್ರ ಅದೇ ಸಂಸ್ಥೆಯ ಪರಿಸರ ವಿಜ್ಞಾನಿ. ಮೂವರೂ ಅಧ್ಯಯನಕ್ಕೆ ಆರಿಸಿಕೊಂಡದ್ದು ಉಡುಪಿ–ಮಂಗಳೂರು ಹೆದ್ದಾರಿಯ ಆಚೀಚೆಯ ಊರುಗಳನ್ನು. 1972ರ ಭೂನಕ್ಷೆ ಮತ್ತು 1999ರ ಉಪಗ್ರಹ ಚಿತ್ರವನ್ನು ಹೋಲಿಸಿದಾಗ ಹೊರಬಿದ್ದ ಸಂಗತಿ ಇದು: ಆ ಅವಧಿಯಲ್ಲಿ ಜನಸಂಖ್ಯೆ ಬೆಳೆದದ್ದು ಸುಮಾರು ಶೇ 54, ಕಟ್ಟಡ ಆವರಿಸಿದ ನೆಲ ಬೆಳೆದದ್ದು ಸುಮಾರು ಶೇ 146. ಜನ ಹೆಚ್ಚಿದ ವೇಗಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟು ವೇಗದಲ್ಲಿ ನೆಲ ಕರಗಿತ್ತು.

ಆ ಪ್ರಬಂಧವನ್ನು ಬೇರೆ ಬೇರೆ ದೇಶಗಳ ನಗರ ಅಧ್ಯಯನಕಾರರು ನೂರಾರು ಸಲ ಉಲ್ಲೇಖಿಸಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಸುರತ್ಕಲ್ ಎಲ್ಲಿದೆ, ಪಡುಬಿದ್ರಿ ಎಲ್ಲಿದೆ ಎಂಬುದು ಬೇಕಾಗಿರಲಿಕ್ಕಿಲ್ಲ. ಅವರಿಗೆ ಬೇಕಾದದ್ದು ಅಳೆಯುವ ವಿಧಾನ. ಕ್ಲಾಡ್ ಶಾನನ್ 1948ರಲ್ಲಿ ಸಂದೇಶ ರವಾನೆಯ ಗಣಿತಕ್ಕೆಂದು ಕೊಟ್ಟ ‘ಎಂಟ್ರೊಪಿ’ ಸೂತ್ರವನ್ನು ಇಲ್ಲಿ ನೆಲಕ್ಕೆ ಹೊಂದಿಸಲಾಗಿತ್ತು. ಊರಿನ ಕಟ್ಟಡಗಳೆಲ್ಲ ಒಂದೆಡೆ ಗುಂಪಾಗಿದ್ದರೆ ಸಂಖ್ಯೆ ಸೊನ್ನೆಯತ್ತ, ಎಲ್ಲೆಡೆ ಚದುರಿದ್ದರೆ ಮೇಲಿನ ಮಿತಿಯತ್ತ. ಹೆದ್ದಾರಿಯುದ್ದಕ್ಕೂ ಅಂಗಡಿ, ಗೋದಾಮು, ಬಡಾವಣೆ ಒಂದಕ್ಕೊಂದು ಅಂಟಿಕೊಂಡು ಬೆಳೆಯುವ ನಮ್ಮ ಊರುಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಒಂದು ಪ್ರಬಂಧ ಉಲ್ಲೇಖಗೊಳ್ಳುವುದು ಬಹುಮಟ್ಟಿಗೆ ಹೀಗೆ: ಉಳಿದವರು ಕೈಗೆತ್ತಿಕೊಂಡು ಬಳಸಬಲ್ಲ ಸಲಕರಣೆ ಅದರಲ್ಲಿದ್ದರೆ. ಈ ಪ್ರಬಂಧಕ್ಕೆ ಸಂದ ಮನ್ನಣೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ.

ಆದರೆ ಉಲ್ಲೇಖದ ಎಣಿಕೆಗೆ ತನ್ನದೇ ವಿಚಿತ್ರಗಳಿವೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ‘ಎಚ್-ಇಂಡೆಕ್ಸ್’ ಎಂಬ ಸರಳ ಅಳತೆ ಕೊಟ್ಟರು. ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡ ಹತ್ತು ಪ್ರಬಂಧಗಳಿದ್ದರೆ ನಿಮ್ಮ ಎಚ್-ಇಂಡೆಕ್ಸ್ ಹತ್ತು. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು ಅದು ಸಾವಿರ ಸಲ ಉಲ್ಲೇಖಗೊಂಡರೂ ನಿಮ್ಮ ಎಚ್-ಇಂಡೆಕ್ಸ್ ಒಂದೇ. ಇಂದು ನೇಮಕಾತಿ ಸಮಿತಿಗಳು, ಅನುದಾನದ ಅರ್ಜಿಗಳು ಕೇಳುವ ಅಂಕ ಇದು. ವೈದ್ಯಕೀಯದಲ್ಲಿ ಉಲ್ಲೇಖಗಳು ಮಳೆಯಂತೆ ಸುರಿಯುತ್ತವೆ, ಗಣಿತದಲ್ಲಿ ತೊಟ್ಟಿಕ್ಕುತ್ತವೆ. ಆದರೂ ಎರಡೂ ವಿಭಾಗದವರನ್ನು ಒಂದೇ ಕಾಲಮ್ಮಿನಲ್ಲಿ ನಿಲ್ಲಿಸುತ್ತಾರೆ.

ಉಲ್ಲೇಖ ಎಣಿಸುವ ಈ ಲೆಕ್ಕದ ಹುಟ್ಟು ವಕೀಲರ ಲೋಕದಲ್ಲಿದೆ. ಯಾವ ಹಳೆಯ ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಹೆಸರಿಸಿವೆ ಎಂದು ತೋರಿಸುವ ಸೂಚಿಗಳು ಅಮೆರಿಕದಲ್ಲಿ 19ನೇ ಶತಮಾನದಲ್ಲೇ ಬಂದವು. ಮುಂದಿನ ತೀರ್ಪು ಹಿಂದಿನದನ್ನು ಎತ್ತಿಹಿಡಿಯಿತೋ ತಳ್ಳಿಹಾಕಿತೋ ಎಂಬುದನ್ನೂ ಅವು ಗುರುತು ಹಾಕುತ್ತಿದ್ದವು. ಅದನ್ನು ಮಾದರಿಯಾಗಿಟ್ಟುಕೊಂಡು ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ವಿಜ್ಞಾನ ಪ್ರಬಂಧಗಳ ಉಲ್ಲೇಖ ಸೂಚಿ ತಂದರು. ಒಂದು ವಿಚಾರ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ಗ್ರಂಥಾಲಯದಲ್ಲಿ ಕುಳಿತು ಹುಡುಕಲು ಅದು ನೆರವಾಗಬೇಕಿತ್ತು. ವಿಜ್ಞಾನಕ್ಕೆ ಬರುವ ದಾರಿಯಲ್ಲಿ ‘ಎತ್ತಿಹಿಡಿದರೋ ತಳ್ಳಿಹಾಕಿದರೋ’ ಎಂಬ ಗುರುತು ಬಿದ್ದುಹೋಯಿತು, ಸಂಖ್ಯೆ ಮಾತ್ರ ಉಳಿಯಿತು. ಹಾಗಾಗಿ ಇವತ್ತು ಒಂದು ಪ್ರಬಂಧವನ್ನು ತಪ್ಪೆಂದು ತೋರಿಸುವವರೂ ಅದರ ಲೆಕ್ಕಕ್ಕೆ ಒಂದನ್ನು ಸೇರಿಸುತ್ತಾರೆ.

ಗುಬ್ಬಿ ಲ್ಯಾಬ್ಸ್ ಜೊತೆ ಕೆಲಸ ಮಾಡಿದ ಕಪ್ಪೆ ವಿಜ್ಞಾನಿ ಕೆ.ವಿ. ಗುರುರಾಜ ಅವರ ಒಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಪಶ್ಚಿಮಘಟ್ಟದ ತೊರೆಗಳಲ್ಲಿ ಮೊಟ್ಟೆಗಳ ಮೇಲೆ ಗಂಡು ಕಪ್ಪೆ ಕೈಯಾರೆ ಕೆಸರು ಮೆತ್ತುವುದನ್ನು ಅವರೂ ಸಂಗಡಿಗರೂ 2014ರಲ್ಲಿ ಜಗತ್ತಿಗೆ ತಿಳಿಸಿದರು. ಹೊಸ ಪ್ರಭೇದಕ್ಕೆ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಇನ್ನು ಮುಂದೆ ಆ ಕಪ್ಪೆಯ ಮಾತು ಬಂದಲ್ಲೆಲ್ಲ ಆ ಹೆಸರು ಬರಲೇಬೇಕು. ಆದರೆ ಜೀವಿಗಳ ಹೆಸರು ಬಳಸುವವರು ಹೆಸರಿಟ್ಟ ಮೂಲ ಪ್ರಬಂಧವನ್ನು ಉಲ್ಲೇಖಿಸುವುದು ರೂಢಿಯಲ್ಲಿಲ್ಲ. ವರ್ಗೀಕರಣ ವಿಜ್ಞಾನಿಗಳ ಎಚ್-ಇಂಡೆಕ್ಸ್ ಎಲ್ಲೆಡೆ ಕೆಳಗಿರುವುದಕ್ಕೆ ಇದೂ ಒಂದು ಕಾರಣ. ಕಾಡಿನಲ್ಲಿ ರಾತ್ರಿಗಳನ್ನು ಕಳೆದು ಮಾಡುವ ಕೆಲಸ ಲೆಕ್ಕದ ಪುಸ್ತಕದಲ್ಲಿ ಸೊರಗಿ ಕಾಣುತ್ತದೆ.

ಇನ್ನು ಚೇಳೂರು. ಗುಬ್ಬಿ ತಾಲ್ಲೂಕಿನ ಈ ಹೋಬಳಿ ಹಲಸಿಗೆ ಹೆಸರುವಾಸಿ. ಹಲಸಿನ ಬೀಜ ಹಾಕಿ ಬೆಳೆಸಿದರೆ ಮಗಳು ಮರ ತಾಯಿಯಂತೆ ಇರುವುದಿಲ್ಲ; ಒಂದೊಂದು ಮರದ ರುಚಿಯೂ ಒಂದೊಂದು. ಇಲ್ಲಿನ ರೈತ ಪರಮೇಶ್ ಅವರ ತೋಟದ ಒಂದು ಮರದಲ್ಲಿ ತಾಮ್ರಗೆಂಪು ತೊಳೆಯ, ಎರಡೂವರೆ ಕಿಲೊ ಆಸುಪಾಸಿನ ಪುಟ್ಟ ಹಣ್ಣು ಬಿಡುತ್ತಿತ್ತು. ತುಮಕೂರಿನ ಪಕ್ಕದ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿ ಜಿ. ಕರುಣಾಕರನ್ ಮತ್ತು ಅವರ ತಂಡ ಹಣ್ಣನ್ನು ಪರೀಕ್ಷಿಸಿ, ಅದರಲ್ಲಿ ಲೈಕೊಪಿನ್ ಎಂಬ ಕೆಂಪು ವರ್ಣಕದ ಅಂಶ ಹೇರಳವಾಗಿರುವುದನ್ನು ಗುರುತಿಸಿದರು. ಪರಮೇಶ್ ಅವರ ತಂದೆ ಸಿದ್ದಪ್ಪನವರ ನೆನಪಿಗೆ ತಳಿಗೆ ‘ಸಿದ್ದು’ ಎಂಬ ಹೆಸರು ಬಂತು. 2017ರಲ್ಲಿ ಆ ಕೇಂದ್ರದ ಮಾತೃಸಂಸ್ಥೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರೊಂದಿಗೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಿ ಮಾರಲು ಶುರುಮಾಡಿತು. ಬರುವ ಹಣದಲ್ಲಿ ಬಹುಪಾಲು ಮರದ ಒಡೆಯರಿಗೆ. ಗಿಡಕ್ಕಾಗಿ ರೈತರು ಹೊರರಾಜ್ಯಗಳಿಂದಲೂ ಬಂದು ಸರದಿ ನಿಂತರು.

ಇದು ಸಂಶೋಧನೆ ಅಲ್ಲವೆನ್ನಲು ಯಾರಿಗೆ ಬಾಯಿ ಬರುತ್ತದೆ? ಆದರೆ ಸಿದ್ದು ಹಲಸಿನ ಒಂದು ಕಸಿ ಗಿಡ ಯಾವುದೋ ಊರಿನ ತೋಟದಲ್ಲಿ ಕಾಯಿ ಬಿಟ್ಟರೆ ಸ್ಕೋಪಸ್‌ಗೆ ಅದು ತಿಳಿಯುವ ದಾರಿಯೇ ಇಲ್ಲ. ಗಿಡ ನೆಟ್ಟ ರೈತ ಪ್ರಬಂಧ ಬರೆಯುವುದಿಲ್ಲ, ಅಡಿಟಿಪ್ಪಣಿ ಹಾಕುವುದಿಲ್ಲ. ಹೆದ್ದಾರಿಯ ಪ್ರಬಂಧವೂ ಹಲಸಿನ ಕೆಲಸವೂ ಎರಡೂ ದೊಡ್ಡವೇ. ಒಂದನ್ನು ಮಾತ್ರ ಕಾಣಬಲ್ಲ ಕಣ್ಣಿಗೆ ನಮ್ಮ ಅಧ್ಯಾಪಕರ ಬಡ್ತಿಯನ್ನು ಒಪ್ಪಿಸಿದ್ದೇವೆ ಎಂಬುದು ನನ್ನ ತಕರಾರು.

ಕನ್ನಡದ ವಿದ್ವತ್ತಿನ ಸ್ಥಿತಿ ಇನ್ನೂ ಕಠಿಣ. ಬಿ.ಎಲ್. ರೈಸ್ ಅವರು 1904ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಶಾಸನ ಸಂಗ್ರಹದ 12ನೇ ಸಂಪುಟ ಇಡಿಯಾಗಿ ತುಮಕೂರು ಜಿಲ್ಲೆಯದು. ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳ ಶಾಸನಗಳಿಗೆ ಅಲ್ಲಿ ಕ್ರಮಸಂಖ್ಯೆ ಕೊಟ್ಟಿದೆ. ಗಂಗರ, ಹೊಯ್ಸಳರ ಬಗ್ಗೆ ಬರೆಯುವವರು ಇಂದಿಗೂ ತಾಲ್ಲೂಕಿನ ಹೆಸರು, ಶಾಸನದ ಸಂಖ್ಯೆ ಕೊಟ್ಟೇ ಮುಂದೆ ಹೋಗುತ್ತಾರೆ. ಇದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂತು. ರಸ, ಧ್ವನಿ, ಔಚಿತ್ಯಗಳ ಬಗ್ಗೆ ಬರೆಯುವ ಕನ್ನಡ ವಿದ್ಯಾರ್ಥಿ ಅದನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ಕನ್ನಡದ ಪುಸ್ತಕವೊಂದನ್ನು ಇನ್ನೊಂದು ಕನ್ನಡದ ಪುಸ್ತಕ ಉಲ್ಲೇಖಿಸಿದರೆ ಅಂತರರಾಷ್ಟ್ರೀಯ ದತ್ತಸಂಚಯಗಳಲ್ಲಿ ಅದಕ್ಕೆ ಹೆಚ್ಚುಕಡಿಮೆ ಜಾಗವೇ ಇಲ್ಲ. ಇವತ್ತು ತೀ.ನಂ.ಶ್ರೀ. ಸಂದರ್ಶನಕ್ಕೆ ಬಂದು ಕುಳಿತರೆ ಅವರ ಎಚ್-ಇಂಡೆಕ್ಸ್ ಕಾಲಮ್ಮಿನಲ್ಲಿ ಏನು ಬರೆಯಬೇಕು?

ಅಂಕದ ಒತ್ತಡ ಏನು ಮಾಡಿತೆಂಬುದು ದಾಖಲಾಗಿದೆ. 2010ರ ಯುಜಿಸಿ ನಿಯಮಗಳು ಕಾಲೇಜು ಅಧ್ಯಾಪಕರ ಬಡ್ತಿಗೆ ಪ್ರಬಂಧಗಳ ಅಂಕ ಜೋಡಿಸಿದವು. ದಿನಕ್ಕೆ ನಾಲ್ಕು ತರಗತಿ, ಮೌಲ್ಯಮಾಪನ, ಚುನಾವಣೆ ಕೆಲಸದ ನಡುವೆ, ಪ್ರಯೋಗಾಲಯವೇ ಇಲ್ಲದ ತಾಲ್ಲೂಕು ಕಾಲೇಜಿನ ಉಪನ್ಯಾಸಕರೂ ಪ್ರಬಂಧ ಹುಟ್ಟಿಸಬೇಕಾಯಿತು. ದುಡ್ಡು ಕಟ್ಟಿಸಿಕೊಂಡು ವಾರದೊಳಗೆ ಪ್ರಕಟಿಸುವ ಜರ್ನಲ್‌ಗಳು ಅಣಬೆಯಂತೆ ಎದ್ದವು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಒಪ್ಪಿತ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. ಅದೇ ವರ್ಷ ‘ಕೇರ್’ ಎಂಬ ಹೊಸ ಪಟ್ಟಿಯ ವ್ಯವಸ್ಥೆ ಘೋಷಿಸಿತು. 2025ರಲ್ಲಿ ಅದನ್ನೂ ಕೈಬಿಟ್ಟು, ಜರ್ನಲ್‌ನ ಯೋಗ್ಯತೆಯನ್ನು ವಿಶ್ವವಿದ್ಯಾಲಯಗಳೇ ಅಳೆಯಲಿ ಎಂದಿತು. ಪಿಎಚ್.ಡಿ. ಸಲ್ಲಿಸುವ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವೂ 2022ರಲ್ಲಿ ಹೋಯಿತು.

ಹೀಗಾಗಿ ಚೆಂಡು ಈಗ ತುಮಕೂರು ವಿಶ್ವವಿದ್ಯಾಲಯದಂಥ ಸಂಸ್ಥೆಗಳ ಅಂಗಳದಲ್ಲಿದೆ. ಸಂದರ್ಶನಕ್ಕೆ ಬರುವವರು ತಮ್ಮ ಅತ್ಯುತ್ತಮ ಮೂರು ಕೆಲಸಗಳನ್ನಷ್ಟೇ ತರಲಿ, ಸಮಿತಿಯವರು ಅವನ್ನು ಮೊದಲೇ ಓದಿ ಬರಲಿ, ಅದರಲ್ಲಿ ಒಂದನ್ನು ಕನ್ನಡದಲ್ಲಿ ವಿವರಿಸುವಂತೆ ಕೇಳಲಿ. ಕಸಿ ಗಿಡವೂ ಶಾಸನದ ಓದೂ ಆ ಮೂರರಲ್ಲಿ ಬರಲಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಓದಲು ಬೇಕಾದಷ್ಟು ಸಮಯ ಬೇಕು.

ಅದರ ಜೊತೆಗೆ ಇನ್ನೊಂದು ಕೆಲಸವನ್ನು ಈ ವರ್ಷವೇ ಶುರುಮಾಡಬಹುದು. ಕ್ಯಾತ್ಸಂದ್ರದಿಂದ ದಾಬಸ್‌ಪೇಟೆಯವರೆಗೆ, ಕುಣಿಗಲ್ ತಾಲ್ಲೂಕಿನ ಅಂಚೆಪಾಳ್ಯದ ಕೈಗಾರಿಕಾ ಪ್ರದೇಶದ ಸುತ್ತ, ಗುಬ್ಬಿಯ ದಾರಿಯುದ್ದಕ್ಕೂ ರಾಗಿ ಹೊಲ, ತೆಂಗಿನ ತೋಟ ಸೈಟುಗಳಾಗುತ್ತಿರುವುದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಹಳೆಯ ಭೂನಕ್ಷೆಗಳಿವೆ, ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ, ಇಸ್ರೊದ ‘ಭುವನ್’ ತಾಣವಿದೆ, ಉಡುಪಿ–ಮಂಗಳೂರು ದಾರಿಗೆ ಬಳಸಿದ ಸೂತ್ರ ಅಚ್ಚಾಗಿ ಕೂತಿದೆ. ಭೂಗೋಳದ ಇಬ್ಬರು ಎಂ.ಎಸ್ಸಿ. ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಕುಳಿತರೆ ಮೂರು ದಾರಿಗಳ ಲೆಕ್ಕ ಹೊರಬರುತ್ತದೆ. ಅದನ್ನು ಮೊದಲು ಒಪ್ಪಿಸಬೇಕಾದದ್ದು ಜರ್ನಲ್‌ಗಲ್ಲ, ಮಾಸ್ಟರ್ ಪ್ಲಾನ್ ಬರೆಯುವ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಮೇಜಿಗೆ.