ಬ್ರಿಕ್ಸ್ಟನ್: ತನ್ನ ಚರಿತ್ರೆಯನ್ನು ತಾನೇ ಕಾಯ್ದುಕೊಂಡ ಕೇರಿ

ಲಂಡನ್ ನೋಡಲು ಹೋದ ಕನ್ನಡಿಗರಲ್ಲಿ ಅನೇಕರು ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ ಕೈಮುಗಿದೇ ಬರುತ್ತಾರೆ. 2015ರಲ್ಲಿ ಅನಾವರಣಗೊಂಡ ಆ ಪ್ರತಿಮೆ ಇರುವುದು ಲ್ಯಾಂಬೆತ್ ಆಡಳಿತದ ವ್ಯಾಪ್ತಿಯಲ್ಲಿ. ಅದೇ ಲ್ಯಾಂಬೆತ್‌ಗೆ ಸೇರಿದ ಬ್ರಿಕ್ಸ್ಟನ್‌ಗೂ ಅರ್ಧ ದಿನ ಕೊಡಬೇಕು. ಕೆರಿಬಿಯನ್ ದ್ವೀಪಗಳಿಂದ ಬಂದವರು ಇಲ್ಲಿ ತಮ್ಮ ಊಟ, ಹಾಡುಗಳನ್ನಷ್ಟೇ ಅಲ್ಲ, ಚರಿತ್ರೆಯನ್ನೂ ಉಳಿಸಿಕೊಂಡಿದ್ದಾರೆ.

1948ರ ಜೂನ್ 22ರಂದು ಟಿಲ್ಬರಿ ಬಂದರಿನಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗಿನಿಂದ ಇಳಿದವರಲ್ಲಿ ಜಮೈಕಾದವರೇ ಹೆಚ್ಚು. ತಂಗಲು ನೆಲೆಯಿಲ್ಲದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕ್ಲಾಪಮ್ ಸೌತ್‌ನಲ್ಲಿ, ಯುದ್ಧಕಾಲದಲ್ಲಿ ಬಾಂಬ್ ದಾಳಿಗೆ ಹೆದರಿ ನೆಲದಾಳದಲ್ಲಿ ಕಟ್ಟಿದ್ದ ಆಸರೆಯೊಂದರಲ್ಲಿ ಇರಿಸಲಾಯಿತು. ಅಲ್ಲಿಗೆ ಹತ್ತಿರದ ಉದ್ಯೋಗ ವಿನಿಮಯ ಕೇಂದ್ರ ಬ್ರಿಕ್ಸ್ಟನ್ನಿನ ಕೋಲ್ಡ್‌ಹಾರ್ಬರ್ ಲೇನ್‌ನಲ್ಲಿತ್ತು. ಕೆಲಸ ಹುಡುಕಿ ಬಂದವರು ಅಲ್ಲೇ ಸುತ್ತಮುತ್ತ ಬಾಡಿಗೆ ಕೋಣೆ ಹಿಡಿದರು, ಸಂಸಾರ ಹೂಡಿದರು.

ಸುರಂಗ ರೈಲಿನ ನಿಲ್ದಾಣದಿಂದ ಹೊರಬಂದರೆ ಪಕ್ಕದಲ್ಲೇ ಎಲೆಕ್ಟ್ರಿಕ್ ಅವೆನ್ಯೂ. 1880ರ ದಶಕದಲ್ಲಿ ವಿದ್ಯುದ್ದೀಪ ಕಂಡ ಲಂಡನ್ನಿನ ಮೊದಲ ಪೇಟೆಬೀದಿ ಇದು. ಬಾಳೆಕಾಯಿ, ಮರಗೆಣಸು, ಬೆಂಡೆಕಾಯಿ, ಕರಾವಳಿಯವರು ಜೀಗುಜ್ಜೆ ಎನ್ನುವ ಕಾಯಿ ಎಲ್ಲವೂ ಇಲ್ಲಿ ಸಿಗುತ್ತವೆ. ಜಮೈಕಾದವರ ‘ಕಲಲೂ’ ನಮ್ಮ ದಂಟಿನ ಸೊಪ್ಪಿನ ಬಳಗದ್ದೇ. ಅವರ ರಾಷ್ಟ್ರೀಯ ಖಾದ್ಯ ಆಕಿ ಮತ್ತು ಉಪ್ಪುಮೀನು. ಆಕಿ ಒಂದು ಹಣ್ಣು. ಬೆಂದಾಗ ಹಳದಿಯಾಗಿ, ಮೃದುವಾಗಿ ಮೊಟ್ಟೆ ಬುರ್ಜಿಯಂತೆ ಕಾಣುತ್ತದೆ. ಮಾಗಿ ತಾನಾಗಿ ಬಾಯ್ಬಿಡುವ ಮೊದಲು ತಿಂದರೆ ವಿಷ. ಹಾಗಾಗಿ ಲಂಡನ್ನಿನಲ್ಲಿ ಡಬ್ಬಿಯ ಆಕಿಯೇ ಬಳಕೆಯಲ್ಲಿದೆ. ಮೇಕೆಮಾಂಸದ ಕರಿಯಲ್ಲಿ ಭಾರತದ ನೆನಪಿದೆ: 1845ರಿಂದ ಜಮೈಕಾಕ್ಕೆ ಕರಾರು ಕೂಲಿಗಳಾಗಿ ಹೋದ ನಮ್ಮವರು ಆ ಮಸಾಲೆಯನ್ನು ಒಯ್ದಿದ್ದರು. ಇಲ್ಲಿನ ಸೂರುಮಾರುಕಟ್ಟೆಗಳಿಗೆ 2010ರಲ್ಲಿ ಸಂರಕ್ಷಿತ ಕಟ್ಟಡಗಳ ಮಾನ್ಯತೆ ಸಿಕ್ಕಿತು. ಕೆರಿಬಿಯನ್ ಸಮುದಾಯದ ಬದುಕಿನಲ್ಲಿ ಅವುಗಳಿಗಿರುವ ಸ್ಥಾನವೇ ಅದಕ್ಕೆ ಮುಖ್ಯ ಕಾರಣ.

ಪೇಟೆಯಿಂದ ರೇಲ್ಟನ್ ರಸ್ತೆಗೆ ನಡೆದೇ ಹೋಗಬಹುದು. ಟ್ರಿನಿಡಾಡಿನ ಚಿಂತಕ ಸಿ.ಎಲ್.ಆರ್. ಜೇಮ್ಸ್ ಕೊನೆಯ ವರ್ಷಗಳನ್ನು ಕಳೆದು, 1989ರಲ್ಲಿ ತೀರಿಕೊಂಡದ್ದು ಈ ಬೀದಿಯ ಮನೆಯಲ್ಲಿ. ಕ್ರಿಕೆಟ್ ಪ್ರಿಯರಿಗೆ ಅವರು ‘ಬಿಯಾಂಡ್ ಎ ಬೌಂಡರಿ’ಯಿಂದ ಪರಿಚಿತರು. ಅದಕ್ಕೂ ಕಾಲು ಶತಮಾನ ಮೊದಲು, 1938ರಲ್ಲಿ, ಅವರು ‘ದಿ ಬ್ಲ್ಯಾಕ್ ಜಾಕೊಬಿನ್ಸ್’ ಬರೆದಿದ್ದರು. 1791ರಲ್ಲಿ ದಂಗೆಯೆದ್ದ ಗುಲಾಮರು ನೆಪೋಲಿಯನ್ನನ ಸೇನೆಯನ್ನೂ ಸೋಲಿಸಿ, 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದ ಕಥೆ ಅದು. ಗುಲಾಮರನ್ನು ಬರೀ ನೊಂದವರಾಗಿ ನೋಡದೆ, ಚರಿತ್ರೆ ಮಾಡಿದವರಾಗಿ ನೋಡಿದ್ದು ಅದರ ಹಿರಿಮೆ.

ಆ ನೋಟವನ್ನೇ ಬ್ಲ್ಯಾಕ್ ಕಲ್ಚರಲ್ ಆರ್ಕೈವ್ಸ್‌ನಲ್ಲೂ ಕಾಣಬಹುದು. ಪೊಲೀಸರ ತಪಾಸಣೆಯಿಂದ ರೋಸಿಹೋದ ಯುವಜನರು ಬ್ರಿಕ್ಸ್ಟನ್ನಿನಲ್ಲಿ ಸಿಡಿದೆದ್ದ 1981ರಲ್ಲೇ ಲೆನ್ ಗ್ಯಾರಿಸನ್ ಮತ್ತು ಸಂಗಾತಿಗಳು ಇದನ್ನು ಆರಂಭಿಸಿದರು. 2014ರಲ್ಲಿ ವಿಂಡ್‌ರಶ್ ಚೌಕದಲ್ಲಿ ಇದಕ್ಕೆ ಸ್ವಂತ ನೆಲೆ ಸಿಕ್ಕಿತು. ಕಪ್ಪು ಜನರ ಕಾಗದಪತ್ರ, ಛಾಯಾಚಿತ್ರ, ಕರಪತ್ರಗಳು ಇಲ್ಲಿ ಭದ್ರವಾಗಿವೆ. ಇಂಥ ಕೆಲಸದ ಬೆಲೆ 2018ರಲ್ಲಿ ಎಲ್ಲರಿಗೂ ತಿಳಿಯಿತು. ಚಿಕ್ಕಂದಿನಲ್ಲೇ ಬಂದು, ಬ್ರಿಟನ್ನಿನಲ್ಲೇ ದುಡಿದು ಮುಪ್ಪಾದ ಕೆರಿಬಿಯನ್ನರು ದಾಖಲೆಯಿಲ್ಲವೆಂಬ ಕಾರಣಕ್ಕೆ ಕೆಲಸ, ಚಿಕಿತ್ಸೆ ಕಳೆದುಕೊಂಡಿದ್ದು, ಕೆಲವರು ಗಡೀಪಾರಾಗಿದ್ದು ಆಗ ಬಯಲಾಯಿತು. ಅವರ ಆಗಮನದ ಚೀಟಿಗಳನ್ನು ಸರ್ಕಾರವೇ 2010ರಲ್ಲಿ ನಾಶಮಾಡಿತ್ತು.

ಹೊರನಾಡಿಗೆ ಹೋದ ಕನ್ನಡಿಗರು ಹಬ್ಬ, ನಾಟಕ, ಊಟದ ಪಂಕ್ತಿಗಳನ್ನು ಪ್ರೀತಿಯಿಂದ ನಡೆಸುತ್ತ ಬಂದಿದ್ದಾರೆ. ಮೊದಲ ತಲೆಮಾರಿನವರ ಪತ್ರ, ಪಾಸ್‌ಪೋರ್ಟ್, ಸಂಘದ ಕರಪತ್ರಗಳನ್ನೂ ಒಂದೆಡೆ ಸೇರಿಸಿಡಬೇಕು. ನಮ್ಮ ಕಾಗದಗಳನ್ನು ನಾವೇ ಕಾಯದಿದ್ದರೆ ಇನ್ನಾರೂ ಕಾಯುವುದಿಲ್ಲ ಎಂಬುದನ್ನು ಬ್ರಿಕ್ಸ್ಟನ್ ಕಷ್ಟಪಟ್ಟು ಕಲಿತಿದೆ. ಆ ಪಾಠ ನಮಗೂ ಸಲ್ಲುತ್ತದೆ.