ದುಬಾರಿ ಪೆಟ್ರೋಲು ಹಾಕಿದ್ರೆ ಇಂಜಿನ್ ಗಟ್ಟಿಯಾಗುತ್ತಾ?

ನನ್ನದು ಚಳ್ಳಕೆರೆ ಸೀಮೆಯ ಮಳೆ ನಂಬಿದ ಬೇಸಾಯ. ಆರು ಎಕರೆ ಕೆಂಪು ನೆಲ, ಶೇಂಗಾ, ನಡುವೆ ತೊಗರಿ ಸಾಲು. ಓದಿದ್ದು ಏಳನೇ ಕ್ಲಾಸು. ಪೆಟ್ರೋಲಿನ ವಿಷಯ ಬರೆಯಲು ಇವನ್ಯಾರು ಅಂತ ನೀವು ಕೇಳಬಹುದು. ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಎರಡು ಎಕರೆ ಶೇಂಗಾ ಕಳಕೊಂಡವನು ನಾನು. ಆ ಅರ್ಹತೆ ಸಾಕು ಎಂದುಕೊಂಡು ಬರೆಯುತ್ತಿದ್ದೇನೆ.

ನನ್ನ ಹತ್ತಿರ 1998ರ ಮಾಡೆಲಿನ ಓಮ್ನಿ ವ್ಯಾನು ಇದೆ. 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್ನು. 2014ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ಬಿತ್ತನೆ ಬೀಜ, ಗೊಬ್ಬರ, ಕುರಿಮರಿ, ನೆಂಟರು ಎಲ್ಲಕ್ಕೂ ಅದೇ ಗಾಡಿ.

ಚಾರ್ಮಾಡಿಯಲ್ಲಿ ಕೇಳಿದ ಸದ್ದು

2021ರ ಕೊನೆಯಲ್ಲಿ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದೆವು. ಒಟ್ಟು ಎಂಟು ಜನ. ವಾಪಸು ಬರುವಾಗ ಚಾರ್ಮಾಡಿ ಘಾಟಿ ಹತ್ತುತ್ತಿದ್ದಂತೆ ಇಂಜಿನ್ನಿನಲ್ಲಿ ಟಕಟಕ ಅಂತ ಸದ್ದು ಶುರುವಾಯಿತು. ಡಬ್ಬಿಯಲ್ಲಿ ಗುಂಡುಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಆಕ್ಸಿಲರೇಟರ್ ಬಿಟ್ಟರೆ ಸದ್ದಿಲ್ಲ, ಒತ್ತಿದರೆ ಮತ್ತೆ ಟಕಟಕ.

ಜೊತೆಗಿದ್ದ ಅಳಿಯಂದಿರು, "ಮಾವ, ಈ ಪೆಟ್ರೋಲಲ್ಲಿ ದಮ್ಮಿಲ್ಲ. ಬಂಕಲ್ಲಿ ಪವರ್ ಪೆಟ್ರೋಲ್ ಅಂತ ಬೇರೆ ಪೈಪ್ ಇರುತ್ತಲ್ಲ, ಅದನ್ನ ಹಾಕ್ಸಿ" ಅಂದರು. ಅಳಿಯನ ಮಾತು ತೆಗೆದುಹಾಕೋಕಾಗುತ್ತಾ? ಊರಿಗೆ ಬಂದ ಮೇಲೆ ಅದನ್ನೇ ಹಾಕಿಸತೊಡಗಿದೆ. ಲೀಟರಿಗೆ ಏಳೆಂಟು ರೂಪಾಯಿ ಜಾಸ್ತಿ. ಸದ್ದು ನಿಜವಾಗಿಯೂ ಕಡಿಮೆಯಾಯಿತು. ಅಳಿಯ ಬುದ್ಧಿವಂತ ಎಂದು ಬೀಗಿದೆ.

ಆರು ತಿಂಗಳು ಹಾಗೇ ಓಡಿಸಿದೆ. 2022ರ ರೋಹಿಣಿ ಮಳೆ ಹೊತ್ತಿಗೆ ಚಿತ್ರದುರ್ಗದಿಂದ ಬರುವಾಗ ದಾರಿಯಲ್ಲೇ ಹೊಗೆ ಎದ್ದು ಗಾಡಿ ನಿಂತಿತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ಡು ಸೊಟ್ಟಗಾಗಿತ್ತು. ರಿಪೇರಿಗೆ ಹನ್ನೊಂದು ಸಾವಿರ ಆಯಿತು. ಅದು ಬಿತ್ತನೆ ಬೀಜಕ್ಕೆಂದು ಎತ್ತಿಟ್ಟ ದುಡ್ಡು. ಆ ವರ್ಷ ನಾಲ್ಕೇ ಎಕರೆಗೆ ಶೇಂಗಾ ಬಿತ್ತಿದೆ. ಉಳಿದ ಎರಡು ಎಕರೆ ಬೀಳು ಬಿಟ್ಟು, ಹುಬ್ಬೆ ಮಳೆಗೆ ಹುರುಳಿ ಚೆಲ್ಲಿದೆ.

ಮೇಸ್ತ್ರಿ ಹೇಳಿದ ಪಾಠ

ಹೆಡ್ಡು ಬಿಚ್ಚಿದ ಮೇಸ್ತ್ರಿ ನನ್ನನ್ನು ಕರೆದು ರೇಡಿಯೇಟರ್ ತೋರಿಸಿದ. ಒಳಗೆ ಸುಣ್ಣ ಬಳಿದ ಹಾಗೆ ಬಿಳೀ ಹೊಪ್ಪಳೆ. "ಯಜಮಾನ್ರೇ, ಏನು ನೀರು ಹಾಕ್ತಿದ್ರಿ?" ಅಂದ. "ಮನೆ ನಲ್ಲಿ ನೀರು" ಅಂದೆ. ನಮ್ಮೂರ ನಲ್ಲಿ ನೀರು ಬೋರ್‌ವೆಲ್ಲಿನದು. ಹಂಡೆಯಲ್ಲಿ ಕಾಯಿಸಿದರೆ ತಳಕ್ಕೆ ಬಿಳಿ ಗಸಿ ಕಟ್ಟುವಷ್ಟು ಗಡಸು. ಅದೇ ಗಸಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿತ್ತು. ನೀರು ಸರಿಯಾಗಿ ಸುತ್ತದೆ ಇಂಜಿನ್ ಕಾಯುತ್ತಿತ್ತು. ಶಾಖ ತೋರಿಸುವ ಮುಳ್ಳು ಕೆಟ್ಟು ವರ್ಷವಾಗಿತ್ತು, ನಾನು ಸರಿ ಮಾಡಿಸಿರಲಿಲ್ಲ. ಜೊತೆಗೆ ಟೈಮಿಂಗ್ ಮುಂದಕ್ಕೆ ಹೋಗಿತ್ತು, ಅಂದರೆ ಪ್ಲಗ್ಗಿನ ಕಿಡಿ ಹೊತ್ತಿಗೆ ಮುಂಚೆಯೇ ಬೀಳುತ್ತಿತ್ತು.

"ಕಾಯಿಲೆ ಇದು. ನೀವು ದುಬಾರಿ ಪೆಟ್ರೋಲ್ ಹಾಕಿ ಸದ್ದು ಮಾತ್ರ ಮುಚ್ಚಿದ್ರಿ. ಜ್ವರಕ್ಕೆ ಮಾತ್ರೆ ನುಂಗಿ ಹೊಲಕ್ಕೆ ಹೋದ ಹಾಗೆ" ಅಂದ.

ಆಕ್ಟೇನ್ ಅಂದರೆ ತಾಳ್ಮೆ

ಅಲ್ಲಿಂದ ಈ ವಿಷಯ ಕೆದಕತೊಡಗಿದೆ. ತಿಳಿದಷ್ಟು ಹೇಳುತ್ತೇನೆ.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೋಡಿದ್ದೀರಿ. ಗಾಳಿಯನ್ನು ಒತ್ತಿದರೆ ಬಿಸಿ ಹುಟ್ಟುತ್ತದೆ. ಇಂಜಿನ್ನಿನಲ್ಲೂ ಪಿಸ್ಟನ್ನು ಮೇಲೆ ಬರುವಾಗ ಗಾಳಿ, ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ನನ್ನ ವ್ಯಾನಿನಲ್ಲಿ ಒಂಬತ್ತು ಪಾಲು ಜಾಗದಲ್ಲಿದ್ದದ್ದು ಸುಮಾರು ಒಂದು ಪಾಲಿಗೆ ಬರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಈ ಒತ್ತಡ ಹೆಚ್ಚುಕಡಿಮೆ ಇದರ ಎರಡರಷ್ಟು. ಆ ಬಿಸಿಗೇ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ, ಅದಕ್ಕೆ ಕಿಡಿ ಕೊಡುವ ಪ್ಲಗ್ಗೇ ಬೇಡ. ಪೆಟ್ರೋಲು ಹಾಗೆ ಮಾಡಬಾರದು. ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತನ್ನ ಹತ್ತಿರ ಬರುವವರೆಗೂ ಅದು ತಾಳಿಕೊಂಡಿರಬೇಕು. ತಾಳದೆ ಮೂಲೆಯಲ್ಲಿ ತಾನೇ ಸಿಡಿದರೆ ಅದೇ ಟಕಟಕ ಸದ್ದು. ನಾಕಿಂಗ್ ಅನ್ನುತ್ತಾರೆ. ಅದು ಮುಂದುವರಿದರೆ ಪಿಸ್ಟನ್ನು, ಗ್ಯಾಸ್ಕೆಟ್ಟು ಎಲ್ಲಕ್ಕೂ ಪೆಟ್ಟು.

ಪೆಟ್ರೋಲಿನ ಈ ತಾಳ್ಮೆಯ ಅಳತೆಗೇ ಆಕ್ಟೇನ್ ಎಂದು ಹೆಸರು. ಸುಲಭಕ್ಕೆ ಸಿಡಿಯದ ಐಸೋ ಆಕ್ಟೇನ್ ಎಂಬುದಕ್ಕೆ 100 ಅಂಕ, ಬೇಗ ಸಿಡಿಯುವ ಹೆಪ್ಟೇನ್ ಎಂಬುದಕ್ಕೆ ಸೊನ್ನೆ. 91 ಆಕ್ಟೇನ್ ಅಂದರೆ ಪರೀಕ್ಷೆಯ ಇಂಜಿನ್ನಿನಲ್ಲಿ ಅದು 91 ಪಾಲು ಮೊದಲನೆಯದು, 9 ಪಾಲು ಎರಡನೆಯದು ಬೆರೆಸಿದ ಹಾಗೆ ನಡೆದುಕೊಳ್ಳುತ್ತದೆ ಎಂದರ್ಥ. ಹಾಗಾಗಿ 95, 100 ಅಂದರೆ ಹೆಚ್ಚು ಶಕ್ತಿ ಅಂತಲ್ಲ, ಹೆಚ್ಚು ತಾಳ್ಮೆ ಅಂತ. ಒತ್ತಡ ಜಾಸ್ತಿ ಇರುವ ಇಂಜಿನ್ನಿಗೆ, ಕೆಲವು ಟರ್ಬೋ ಕಾರುಗಳಿಗೆ, ದೊಡ್ಡ ಬೈಕುಗಳಿಗೆ ಅದು ಬೇಕು. ಒತ್ತಡ ಕಡಿಮೆ ಇರುವ ಇಂಜಿನ್ನಿಗೆ ಹಾಕಿದರೆ ಲಾಭವಿಲ್ಲ. ಹೂಡುವುದಕ್ಕೆ ಒಂದು ಜೊತೆ ಎತ್ತು ಸಾಕಾಗುವಲ್ಲಿ ಎರಡು ಜೊತೆ ಕಟ್ಟಿದ ಹಾಗೆ.

ಹಿಂದೆ ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುತ್ತಿದ್ದ ಪಂಪ್‌ಸೆಟ್ಟು ನಮ್ಮಲ್ಲಿ ಬೇಕಾದಷ್ಟಿದ್ದವು. ಸೀಮೆಎಣ್ಣೆಯ ಆಕ್ಟೇನ್ ತೀರಾ ಕಡಿಮೆ. ಆದರೂ ಓಡುತ್ತಿತ್ತು, ಏಕೆಂದರೆ ಆ ಇಂಜಿನ್ನನ್ನು ಕಡಿಮೆ ಒತ್ತಡಕ್ಕೇ ಮಾಡಿದ್ದರು. ಅದೇ ಸೀಮೆಎಣ್ಣೆಯನ್ನು ಕಾರಿನ ಪೆಟ್ರೋಲಿಗೆ ಬೆರೆಸಿದರೆ ಟಕಟಕ ಗ್ಯಾರಂಟಿ. ಯಾವ ಎಣ್ಣೆ ಎಂಬುದನ್ನು ಇಂಜಿನ್ ತೀರ್ಮಾನ ಮಾಡಬೇಕು, ನಮ್ಮ ಜೇಬೂ ಅಲ್ಲ, ಅಳಿಯನೂ ಅಲ್ಲ.

ಸೀಸ ಹೋಯಿತು, ಎಥನಾಲ್ ಬಂತು

1990ರ ದಶಕದಲ್ಲಿ ನಮ್ಮ ಬಂಕುಗಳಲ್ಲಿ 87 ಮತ್ತು 93 ಆಕ್ಟೇನಿನ ಪೆಟ್ರೋಲ್ ಇತ್ತು. ಆಕ್ಟೇನ್ ಏರಿಸಲು ಸೀಸ ಬೆರೆಸುತ್ತಿದ್ದರು. ಅಮೆರಿಕದಲ್ಲಿ ಥಾಮಸ್ ಮಿಡ್ಗ್ಲೇ ಎಂಬವರು 1921ರಲ್ಲಿ ಕಂಡುಕೊಂಡ ಉಪಾಯ ಅದು. ಆದರೆ ಸೀಸದ ಹೊಗೆ ಮಕ್ಕಳ ಮೆದುಳಿಗೆ ವಿಷ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂತು, 2000ದಲ್ಲಿ ಇಡೀ ದೇಶದಲ್ಲಿ ಸೀಸ ನಿಂತಿತು.

ಈಗ ಆ ಜಾಗಕ್ಕೆ ಎಥನಾಲ್ ಬಂದಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಪ್ರಧಾನಿಯವರು 20 ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. 2025ರ ಹೊತ್ತಿಗೆ ಅದು ದೇಶದ ತುಂಬ ಬಂತು. ಕಬ್ಬಷ್ಟೇ ಅಲ್ಲ, ಮೆಕ್ಕೆಜೋಳದಿಂದಲೂ ಎಥನಾಲ್ ತೆಗೆಯುತ್ತಾರೆ. ನಾವು ಬೆಳೆದದ್ದು ನಮ್ಮ ಟ್ಯಾಂಕಿಗೇ ಬರುವ ಕಾಲ. ಎಥನಾಲಿನ ಆಕ್ಟೇನ್ ನೂರರ ಮೇಲಿದೆ. ಹಾಗಾಗಿ ಸಾಮಾನ್ಯ ಪೆಟ್ರೋಲಿನ ತಾಳ್ಮೆ ತಾನಾಗಿಯೇ ಏರಿದೆ. ಹಳೇ ಗಾಡಿಗೆ ದುಬಾರಿ ಪೆಟ್ರೋಲ್ ಬೇಡ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ಆದರೆ ಎಥನಾಲಿಗೆ ಎರಡು ಗುಣಗಳಿವೆ. ಒಂದು, ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಾಖ ಕಡಿಮೆ. ಲೆಕ್ಕ ಹಾಕಿದರೆ 20 ಪಾಲು ಬೆರೆತಾಗ ನೂರಕ್ಕೆ ಆರೇಳರಷ್ಟು ಕಡಿಮೆ, ಮೈಲೇಜು ಸ್ವಲ್ಪ ಇಳಿಯುತ್ತದೆ. ಎರಡು, ಅದು ನೀರನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ. ನನ್ನ ವ್ಯಾನಿನ ಪೆಟ್ರೋಲ್ ಪೈಪು ಮೆತ್ತಗಾಗಿತ್ತು, ಬದಲಿಸಿದೆ. ಪೈಪು ಸೋರಿದರೆ ಬೆಂಕಿ, ಅಲಕ್ಷ್ಯ ಬೇಡ.

ಸ್ಪ್ರೇಯರಿನ ಪೆಟ್ರೋಲ್

ತೊಗರಿಗೆ ಹೊಡೆಯುವ ಬೆನ್ನಿನ ಪವರ್ ಸ್ಪ್ರೇಯರಿಗೂ ಸಾಮಾನ್ಯ ಪೆಟ್ರೋಲೇ ಸಾಕು. ಟೂ ಸ್ಟ್ರೋಕ್ ಆದರೆ ಆಯಿಲ್ ಬೆರೆಸಲೇಬೇಕು. ಪುಸ್ತಕದಲ್ಲಿ 40ಕ್ಕೆ 1 ಎಂದಿದ್ದರೆ ಲೀಟರಿಗೆ 25 ಮಿಲಿ, 25ಕ್ಕೆ 1 ಎಂದಿದ್ದರೆ 40 ಮಿಲಿ. ಅಂದಾಜಿಗೆ ಸುರಿಯಬೇಡಿ. ಹಂಗಾಮು ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ತಾನಾಗಿ ಆರುವವರೆಗೆ ಓಡಿಸಿ ಇಡಿ. ನಾನೊಮ್ಮೆ ನಾಲ್ಕು ತಿಂಗಳು ಹಾಗೇ ಬಿಟ್ಟು, ಕಾಯಿಕೊರಕ ಬಿದ್ದ ದಿನ ದಾರ ಎಳೆದೂ ಎಳೆದೂ ಸುಸ್ತಾದೆ. ಟ್ಯಾಂಕಿನ ತಳದಲ್ಲಿ ನೀರಿತ್ತು.

ನೆನಪಿಡಲು

• ಗಾಡಿಯ ಪುಸ್ತಕ ಇಲ್ಲವೇ ಪೆಟ್ರೋಲ್ ಮುಚ್ಚಳದ ಒಳಗೆ ಯಾವ ಆಕ್ಟೇನ್ ಎಂದು ಬರೆದಿರುತ್ತದೆ, ಓದಿ. 91 ಎಂದಿದ್ದರೆ ಸಾಮಾನ್ಯದ್ದೇ ಸಾಕು. 95 ಬೇಕೇಬೇಕು ಎಂದಿದ್ದರೆ ಉಳಿತಾಯ ನೋಡಬೇಡಿ.

• ನಿಂತಲ್ಲೇ ಬರುವ ಸದ್ದು ಟ್ಯಾಪೆಟ್ಟಿನದು ಇರಬಹುದು. ಏರಿನಲ್ಲಿ, ಭಾರ ಹೊತ್ತಾಗ ಬಂದು ಆಕ್ಸಿಲರೇಟರ್ ಬಿಟ್ಟೊಡನೆ ನಿಂತರೆ ನಾಕಿಂಗ್.

• ಆಗ ಗೇರ್ ಇಳಿಸಿ, ಮೆಲ್ಲಗೆ ಹೋಗಿ. ಮನೆಗೆ ಬಂದು ಮೊದಲು ರೇಡಿಯೇಟರ್, ಟೈಮಿಂಗ್, ಪ್ಲಗ್, ಒಳಗಿನ ಮಸಿ ತೋರಿಸಿ. ಪೆಟ್ರೋಲ್ ಬದಲಿಸುವುದು ಆಮೇಲೆ.

• ಗಡಸು ನೀರು ರೇಡಿಯೇಟರಿಗೆ ಬೇಡ. ಕೂಲೆಂಟ್ ಹಾಕಿ. ದಾರಿಯಲ್ಲಿ ಗತಿ ಇಲ್ಲದಾಗ ಮಳೆನೀರು ಬೋರಿನ ನೀರಿಗಿಂತ ವಾಸಿ. ನಾನೀಗ ಮಾಳಿಗೆ ಮೇಲಿನ ಮಳೆನೀರು ಸೋಸಿ ಒಂದು ಕ್ಯಾನು ಗಾಡಿಯಲ್ಲೇ ಇಟ್ಟಿದ್ದೇನೆ. ಇಂಜಿನ್ ಕಾದಿರುವಾಗ ಮಾತ್ರ ಮುಚ್ಚಳ ತೆಗೆಯಬೇಡಿ, ಮುಖ ಸುಡುತ್ತದೆ.

ನನ್ನ ಲೆಕ್ಕ ಹೀಗಿದೆ. ತಿಂಗಳಿಗೆ ಸುಮಾರು ಮೂವತ್ತು ಲೀಟರ್, ಲೀಟರಿಗೆ ಏಳು ರೂಪಾಯಿ ಹೆಚ್ಚು ಎಂದರೆ ಆರು ತಿಂಗಳಿಗೆ 1260 ರೂಪಾಯಿ. ರಿಪೇರಿ 11,000. ಎರಡು ಎಕರೆ ಶೇಂಗಾ ಬೇರೆ. ಆ 1260ರಲ್ಲಿ ರೇಡಿಯೇಟರ್ ತೊಳೆಸಿ, ಟೈಮಿಂಗ್ ಸರಿ ಮಾಡಿಸಿ, ಕೂಲೆಂಟ್ ಹಾಕಿಸಿದ್ದರೂ ಚಿಲ್ಲರೆ ಉಳಿಯುತ್ತಿತ್ತು. ವ್ಯಾನು ಈಗ ಸಾಮಾನ್ಯ ಪೆಟ್ರೋಲಿನಲ್ಲೇ ಓಡುತ್ತಿದೆ, ಏರಿನಲ್ಲೂ ಸದ್ದಿಲ್ಲ. ಅಳಿಯಂದಿರಿಗೆ ಇದನ್ನೆಲ್ಲ ನಾನಿನ್ನೂ ಹೇಳಿಲ್ಲ. ಇದು ಅಚ್ಚಾದರೆ ಅವರೇ ಓದಿಕೊಳ್ಳುತ್ತಾರೆ.